ಹೊಸಬರಿಗೆ ಕೆಲಸ ಕಲಿಸುವುದು ಹೇಗೆ? ಮೊದಲ ದಿನದಿಂದ ಲೆಕ್ಕ ಚುಕ್ತಾ ಆಗುವ ತನಕ

"ಕೆಲಸಕ್ಕೆ ಜನ ಸಿಗ್ತಿಲ್ಲ, ಸಿಕ್ಕಿದವರು ನಿಲ್ತಿಲ್ಲ." ಹತ್ತು ಹದಿನೈದು ಜನರನ್ನು ಇಟ್ಟುಕೊಂಡು ಅಂಗಡಿಯನ್ನೋ ವರ್ಕ್‌ಶಾಪನ್ನೋ ಚಿಕ್ಕ ಆಫೀಸನ್ನೋ ನಡೆಸುವವರ ಜೊತೆ ಕೂತರೆ ಮೊದಲು ಬರುವ ಮಾತು ಇದೇ. ಅವರ ಸಂಕಟ ನಿಜ. ಆದರೆ ಬಿಟ್ಟು ಹೋದವರನ್ನು ಕೇಳಿ ನೋಡಿ. ಸಂಬಳದ ಮಾತು ಬಂದೇ ಬರುತ್ತದೆ. ಅದರ ಹಿಂದೆಯೇ ಇನ್ನೊಂದು ಮಾತು ಬರುತ್ತದೆ: "ಏನು ಮಾಡ್ಬೇಕು ಅಂತ ಯಾರೂ ಸರಿಯಾಗಿ ಹೇಳ್ಲಿಲ್ಲ, ತಪ್ಪಾದಾಗ ಮಾತ್ರ ಎಲ್ಲರೂ ಓಡಿ ಬಂದ್ರು."

ನಾನು ಎರಡೂ ಕಡೆ ಇದ್ದವನು. ನನ್ನ ಮೊದಲ ಕೆಲಸದಲ್ಲಿ ಒಬ್ಬ ಹಳಬರ ಪಕ್ಕ ನನ್ನನ್ನು ನಿಲ್ಲಿಸಿ "ನೋಡ್ಕೋತಾ ಇರು, ಗೊತ್ತಾಗುತ್ತೆ" ಎಂದು ಹೇಳಿ ಹೋದರು. ಆ ಹಳಬರಿಗೆ ಅವರದೇ ಕೆಲಸ ಕುತ್ತಿಗೆ ತನಕ ಇತ್ತು. ಎರಡನೇ ವಾರ ನನ್ನಿಂದ ಒಂದು ತಪ್ಪಾಯಿತು, ಎಲ್ಲರ ಎದುರು ಬೈಸಿಕೊಂಡೆ, ಆ ತಿಂಗಳ ಸಂಬಳ ಬಂದ ಮೇಲೆ ಅತ್ತ ತಲೆ ಹಾಕಲಿಲ್ಲ. ವರ್ಷಗಳ ನಂತರ ನಾನೇ ಸೂಪರ್‌ವೈಸರ್ ಆದಾಗ ಹೊಸದಾಗಿ ಬಂದ ಒಬ್ಬ ಹುಡುಗಿಗೆ ಅದೇ ಮಾತು ಹೇಳಿದೆ. ಅವಳೂ ಬಿಟ್ಟು ಹೋದಳು. ಆ ದಿನ ನನಗೆ ಬಹಳ ಬೇಜಾರಾಯಿತು. ಕಲಿಸುವುದೂ ಕಲಿಯಬೇಕಾದ ಕೆಲಸ, ಅದಕ್ಕೂ ಒಂದು ಕ್ರಮ ಇದೆ ಅಂತ ನಾನು ಹುಡುಕಲು ಶುರು ಮಾಡಿದ್ದು ಅಲ್ಲಿಂದ. ಹಾಗೆ ಕಲಿತದ್ದನ್ನು ಇಲ್ಲಿ ಹಂತ ಹಂತವಾಗಿ ಬರೆಯುತ್ತಿದ್ದೇನೆ.

ಹೆಜ್ಜೆ 1: ಕೆಲಸ ಏನು ಅಂತ ಮೊದಲು ನೀವು ಬರೆಯಿರಿ

ಜನ ಬೇಕು ಅಂತ ನಾಲ್ಕು ಕಡೆ ಹೇಳುವ ಮೊದಲು ಒಂದು ಹಾಳೆ ತೆಗೆದುಕೊಳ್ಳಿ. ಈ ಕೆಲಸಕ್ಕೆ ಬರುವವರು ಬಂದ ಹೊತ್ತಿನಿಂದ ಹೋಗುವ ಹೊತ್ತಿನ ತನಕ ಏನೇನು ಮಾಡಬೇಕು? ಯಾರ ಮಾತು ಕೇಳಬೇಕು? ಇಬ್ಬರು ಎರಡು ಥರ ಹೇಳಿದರೆ ಕೊನೆಯ ಮಾತು ಯಾರದು? "ಎಲ್ಲಾ ಕೆಲಸಾನೂ ಮಾಡ್ಬೇಕು" ಅಂತ ಬರೆದರೆ ನಿಮಗೇ ಇನ್ನೂ ಸ್ಪಷ್ಟವಾಗಿಲ್ಲ ಅಂತ ಅರ್ಥ.

ಕೆಲಸದ ಕಷ್ಟದ ಭಾಗವನ್ನೂ ಮಾತುಕತೆಯಲ್ಲೇ ಹೇಳಿಬಿಡಿ. ಇಡೀ ದಿನ ನಿಂತೇ ಇರಬೇಕಾ, ಸಿಟ್ಟಾದ ಗ್ರಾಹಕರ ಫೋನ್ ಎತ್ತಬೇಕಾ, ತಿಂಗಳ ಕೊನೆಯಲ್ಲಿ ಹೊತ್ತಾಗುತ್ತಾ, ಎಲ್ಲವನ್ನೂ ಹೇಳಿ. ಸಾಧ್ಯವಾದರೆ ಅರ್ಧ ಗಂಟೆ ಆ ಜಾಗದಲ್ಲಿ ನಿಲ್ಲಿಸಿ ತೋರಿಸಿ. ಕೆಲವರು ಅಲ್ಲೇ ಬೇಡ ಅನ್ನಬಹುದು. ಎರಡು ವಾರ ಕಲಿಸಿದ ಮೇಲೆ ಹೋಗುವುದಕ್ಕಿಂತ ಅದು ಇಬ್ಬರಿಗೂ ಒಳ್ಳೆಯದು, ಅಲ್ವಾ?

ಸಂಬಳ, ಸಂಬಳದ ದಿನ, ಕೆಲಸದ ಹೊತ್ತು, ವಾರದ ರಜೆ, ಪ್ರೊಬೇಷನ್ ಎಷ್ಟು ತಿಂಗಳು, ಬಿಡಬೇಕಾದರೆ ಎಷ್ಟು ದಿನ ಮುಂಚೆ ಹೇಳಬೇಕು, ಇಷ್ಟನ್ನು ಬರೆದು ಕೊಡಿ. ಅವರು ಓದಬಲ್ಲ ಭಾಷೆಯಲ್ಲಿ ಕೊಡಿ. ಓದಲು ಬಾರದವರಿಗೆ ಅವರು ನಂಬುವ ಒಬ್ಬರನ್ನು ಕೂರಿಸಿಕೊಂಡು ಓದಿ ಹೇಳಿ. ಒಂದು ಪ್ರತಿ ಅವರ ಕೈಯಲ್ಲಿ ಇರಲಿ.

ಹೆಜ್ಜೆ 2: ಮೊದಲ ದಿನಕ್ಕೆ ನೀವು ತಯಾರಾಗಿರಿ

ಹೊಸಬರು ಬಂದು ನಿಂತಾಗ "ಓ, ಇವತ್ತು ಬರೋದಾ ನೀವು?" ಅನ್ನುವಂತೆ ಆಗಬಾರದು. ಕೂರುವ ಜಾಗ, ಹತಾರ, ಲಾಗಿನ್, ಕೈಗವಸು, ಬ್ಯಾಗ್ ಇಡಲು ಒಂದು ಗೂಡು, ಏನೇನು ಬೇಕೋ ಹಿಂದಿನ ದಿನವೇ ಸಿದ್ಧವಾಗಿರಲಿ. ಹೆಸರು ಹೇಳಿ ಎಲ್ಲರಿಗೂ ಪರಿಚಯ ಮಾಡಿಸಿ. ಶೌಚಾಲಯ ಎಲ್ಲಿದೆ, ಊಟಕ್ಕೆ ಎಲ್ಲಿ ಕೂರುತ್ತಾರೆ ಅನ್ನುವುದನ್ನು ಅವರು ಕೇಳುವ ಮೊದಲೇ ತೋರಿಸಿ. ಹೊಸ ಜಾಗದಲ್ಲಿ ಇದನ್ನು ಕೇಳಲು ಎಷ್ಟೋ ಜನರಿಗೆ ಸಂಕೋಚ.

ಸುರಕ್ಷತೆಯ ಮಾತು ಮೊದಲ ದಿನವೇ ಆಗಬೇಕು, ಕೆಲಸ ಶುರುವಾಗುವ ಮೊದಲೇ ಆಗಬೇಕು. ಕೆಲಸಕ್ಕೆ ಸೇರಿದ ಮೊದಲ ತಿಂಗಳಲ್ಲಿ ಪೆಟ್ಟು ಮಾಡಿಕೊಳ್ಳುವ ಅಪಾಯ ಹಳಬರಿಗಿಂತ ಹೊಸಬರಿಗೆ ಜಾಸ್ತಿ. ವಯಸ್ಸು ಎಷ್ಟೇ ಇರಲಿ, ಬೇರೆ ಕಡೆ ಎಷ್ಟೇ ವರ್ಷ ಮಾಡಿರಲಿ, ನಿಮ್ಮ ಜಾಗಕ್ಕೆ ಅವರು ಹೊಸಬರೇ. ಯಾವ ಗುಂಡಿ ಒತ್ತಿದರೆ ಮೆಷಿನ್ ನಿಲ್ಲುತ್ತದೆ, ಬೆಂಕಿ ಬಿದ್ದರೆ ಯಾವ ಬಾಗಿಲು, ಪೆಟ್ಟಾದರೆ ಯಾರನ್ನು ಕರೆಯಬೇಕು, ಇದನ್ನು ಬಾಯಲ್ಲಿ ಹೇಳಿ ಬಿಡಬೇಡಿ. ಕರೆದುಕೊಂಡು ಹೋಗಿ, ಅವರ ಕೈಯಿಂದಲೇ ಆ ಗುಂಡಿ ಒತ್ತಿಸಿ.

ಇನ್ನೊಂದು ಮಾತನ್ನು ಬಾಯಿ ಬಿಟ್ಟು ಹೇಳಿ: "ಅಪಾಯ ಅನ್ನಿಸಿದರೆ ಕೆಲಸ ನಿಲ್ಲಿಸಿ, ಯಾರೂ ಬೈಯುವುದಿಲ್ಲ." ಇದು ನಿಮ್ಮ ಔದಾರ್ಯ ಅಂತ ತಿಳಿಯಬೇಡಿ. ಜೀವಕ್ಕೆ ಅಪಾಯ ಇದೆ ಅಂತ ನಂಬಲು ಸರಿಯಾದ ಕಾರಣವಿದ್ದು ಕೆಲಸದಿಂದ ಹಿಂದೆ ಸರಿದವರಿಗೆ ತೊಂದರೆ ಕೊಡಬಾರದು ಅಂತ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1981ರ ಒಪ್ಪಂದವೇ ಹೇಳುತ್ತದೆ. 2022ರಲ್ಲಿ ಆ ಸಂಸ್ಥೆ ಸುರಕ್ಷಿತ, ಆರೋಗ್ಯಕರ ಕೆಲಸದ ಜಾಗವನ್ನು ಕೆಲಸಗಾರರ ಮೂಲಭೂತ ಹಕ್ಕುಗಳ ಸಾಲಿಗೇ ಸೇರಿಸಿತು.

ಹೆಜ್ಜೆ 3: ಕಲಿಸುವುದು (ಇದಕ್ಕೆ ಸಮಯ ಕೊಡಿ)

ಇದೇ ಮುಖ್ಯ ಭಾಗ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಕಾರ್ಖಾನೆಗಳಿಗೆ ಹಿಂದೆಂದೂ ಆ ಕೆಲಸ ಮಾಡದ ಲಕ್ಷಾಂತರ ಜನ ಬಂದರು, ಹೆಂಗಸರೂ ದೊಡ್ಡ ಸಂಖ್ಯೆಯಲ್ಲಿ ಬಂದರು. ಅವರಿಗೆ ಬೇಗ ಕಲಿಸಬೇಕಿತ್ತು. 1940ರಲ್ಲಿ ಅಲ್ಲಿನ ಸರ್ಕಾರ ಟ್ರೈನಿಂಗ್ ವಿದಿನ್ ಇಂಡಸ್ಟ್ರಿ ಅನ್ನುವ ಕಾರ್ಯಕ್ರಮ ಶುರು ಮಾಡಿತು. ಕೆಲಸಗಾರರಿಗೆ ನೇರವಾಗಿ ಕಲಿಸುವ ಬದಲು, ಕಲಿಸುವುದು ಹೇಗೆ ಅಂತ ಸೂಪರ್‌ವೈಸರ್‌ಗಳಿಗೆ ಕಲಿಸಿತು. ಬರೀ 10 ಗಂಟೆಯ ತರಬೇತಿ, ದಿನಕ್ಕೆ ಎರಡು ಗಂಟೆಯಂತೆ. 1945ರಲ್ಲಿ ಅದು ಮುಗಿಯುವ ಹೊತ್ತಿಗೆ 16 ಸಾವಿರಕ್ಕೂ ಹೆಚ್ಚು ಕಾರ್ಖಾನೆ, ಕಚೇರಿಗಳಿಂದ 16 ಲಕ್ಷಕ್ಕೂ ಹೆಚ್ಚು ಜನ ಅದರ ತರಬೇತಿ ಮುಗಿಸಿದ್ದರು. ಯುದ್ಧದ ನಂತರ ಅದು ಜಪಾನಿಗೆ ಹೋಯಿತು, ಟೊಯೋಟಾದಂಥ ಕಡೆ ಬೇರು ಬಿಟ್ಟಿತು.

ಆ ತರಬೇತಿಯ ಮೊದಲ ದಿನದ ಪಾಠ ನನಗೆ ಬಹಳ ಇಷ್ಟ. ಎಲೆಕ್ಟ್ರಿಷಿಯನ್‌ಗಳು ವೈರಿಗೆ ಹಾಕುವ ಒಂದು ಗಂಟು ಇದೆ. ಅದನ್ನು ಹಾಕುವುದು ಹೇಗೆ ಅಂತ ತರಬೇತುದಾರ ಒಬ್ಬರಿಗೆ ಬಾಯಲ್ಲಿ ಮಾತ್ರ ಹೇಳುತ್ತಾರೆ. ಅವರಿಗೆ ಬರುವುದಿಲ್ಲ. ಆಮೇಲೆ ಇನ್ನೊಬ್ಬರಿಗೆ ಮಾತಾಡದೆ ಬರೀ ಮಾಡಿ ತೋರಿಸುತ್ತಾರೆ. ಅವರಿಗೂ ಬರುವುದಿಲ್ಲ. ಆಮೇಲೆ ಸರಿಯಾದ ಕ್ರಮದಲ್ಲಿ ಕಲಿಸುತ್ತಾರೆ, ಬಂದುಬಿಡುತ್ತದೆ. ನಾವು ದಿನವೂ ಮಾಡುವುದು ಆ ಮೊದಲ ಎರಡನ್ನೇ. ಒಂದೋ ಗಡಗಡ ಹೇಳಿ ಮುಗಿಸುತ್ತೇವೆ, ಇಲ್ಲ "ನೋಡ್ಕೋ" ಅನ್ನುತ್ತೇವೆ.

ಮೊದಲು ಒಂದು ಹಾಳೆ ಮಾಡಿ. ಮೂರು ಕಾಲಂ ಎಳೆಯಿರಿ: ಹಂತ, ಎಚ್ಚರದ ಅಂಶ, ಯಾಕೆ. ರಟ್ಟಿನ ಪೆಟ್ಟಿಗೆಯಲ್ಲಿ ಮಾಲು ಪ್ಯಾಕ್ ಮಾಡುವ ಕೆಲಸ ಅಂದುಕೊಳ್ಳಿ. ಹಂತ: ಪೆಟ್ಟಿಗೆಯ ತಳಕ್ಕೆ ಟೇಪು ಹಚ್ಚುವುದು. ಎಚ್ಚರದ ಅಂಶ: ನಡುವಿನ ಸೀಳಿಗೆ ಒಂದು ಪಟ್ಟಿ, ಎರಡೂ ಅಂಚಿಗೆ ಒಂದೊಂದು. ಯಾಕೆ: ನಡುವೆ ಮಾತ್ರ ಹಚ್ಚಿದರೆ ಭಾರಕ್ಕೆ ಅಂಚು ಬಿಚ್ಚಿಕೊಳ್ಳುತ್ತದೆ. ಹೀಗೆ ಒಂದು ಕೆಲಸಕ್ಕೆ ಐದೋ ಆರೋ ಹಂತ ಸಾಕು. ಅದಕ್ಕಿಂತ ಜಾಸ್ತಿ ಆದರೆ ಅದನ್ನು ಎರಡು ಪಾಠ ಮಾಡಿ. ಕುರ್ಚಿಯಲ್ಲಿ ಕೂತು ಈ ಹಾಳೆ ಬರೆಯಬೇಡಿ. ಕೆಲಸ ಚೆನ್ನಾಗಿ ಬರುವವರ ಪಕ್ಕ ನಿಂತು, ಅವರು ಮಾಡುವಾಗ ಬರೆಯಿರಿ. ಕೈಗೆ ಗೊತ್ತಿದ್ದು ಬಾಯಿಗೆ ಬಾರದ ಎಷ್ಟೋ ಸೂಕ್ಷ್ಮಗಳು ಆಗ ಸಿಗುತ್ತವೆ. "ಇಲ್ಲಿ ಯಾಕೆ ಸ್ವಲ್ಪ ಒತ್ತಿದ್ರಿ?" ಅಂತ ಕೇಳಿ. ಕೆಲವು ಸಲ ಅವರಿಗೇ ಆಶ್ಚರ್ಯವಾಗುತ್ತದೆ, ತಾನು ಹಾಗೆ ಮಾಡುತ್ತೇನೆ ಅಂತ ಅವರೂ ಗಮನಿಸಿರುವುದಿಲ್ಲ.

ಇನ್ನು ಕಲಿಸುವಾಗ ನಾಲ್ಕು ಹಂತ. ಮೊದಲು ಅವರನ್ನು ನಿರಾಳ ಮಾಡಿ, ಈ ಕೆಲಸದ ಬಗ್ಗೆ ಈಗಾಗಲೇ ಏನು ಗೊತ್ತಿದೆ ಅಂತ ಕೇಳಿ, ಎಲ್ಲಿ ನಿಂತರೆ ಸರಿಯಾಗಿ ಕಾಣುತ್ತದೋ ಅಲ್ಲಿ ನಿಲ್ಲಿಸಿ. ಎದುರಿಗೆ ನಿಲ್ಲಿಸಿದರೆ ಎಡಗೈ ಬಲಗೈ ಅದಲು ಬದಲಾಗಿ ಕಾಣುತ್ತದೆ, ಅದಕ್ಕೆ ಪಕ್ಕದಲ್ಲಿ ನಿಲ್ಲಿಸುವುದು ಒಳ್ಳೆಯದು.

ಎರಡನೆಯದು, ಮಾಡುತ್ತಾ ಹೇಳುವುದು, ಮೂರು ಸಲ. ಮೊದಲ ಸಲ ಹಂತಗಳನ್ನು ಮಾತ್ರ ಹೇಳಿ. ಎರಡನೇ ಸಲ ಹಂತದ ಜೊತೆ ಎಚ್ಚರದ ಅಂಶ. ಮೂರನೇ ಸಲ ಯಾಕೆ ಅನ್ನುವುದನ್ನೂ ಸೇರಿಸಿ. ಎಲ್ಲವನ್ನೂ ಒಂದೇ ಸಲ ಸುರಿದರೆ ಯಾವುದೂ ನಿಲ್ಲುವುದಿಲ್ಲ.

ಮೂರನೆಯದು, ಅವರ ಕೈಗೆ ಕೊಡುವುದು. ಮೊದಲ ಸಲ ಸುಮ್ನೆ ಮಾಡಲಿ, ತಪ್ಪಾದ ಕಡೆ ಆಗಲೇ ಮೆಲ್ಲಗೆ ತಡೆದು ಸರಿಪಡಿಸಿ, ಯಾಕೆಂದರೆ ತಪ್ಪು ಕೈಗೆ ರೂಢಿಯಾದ ಮೇಲೆ ಬಿಡಿಸುವುದು ಕಷ್ಟ. ಆಮೇಲೆ ಅವರೇ ಹಂತ ಹೇಳುತ್ತಾ ಮಾಡಲಿ, ಆಮೇಲೆ ಎಚ್ಚರದ ಅಂಶ, ಆಮೇಲೆ ಕಾರಣ. "ಅರ್ಥ ಆಯ್ತಾ?" ಅಂತ ಮಾತ್ರ ಕೇಳಬೇಡಿ. ಆ ಪ್ರಶ್ನೆಗೆ ಎಲ್ಲರೂ ಹೂಂ ಅನ್ನುತ್ತಾರೆ. ನನ್ನ ಮೊದಲ ಕೆಲಸದಲ್ಲಿ ನಾನೂ ಅಂದಿದ್ದೆ.

ನಾಲ್ಕನೆಯದು, ಬಿಟ್ಟು ನೋಡುವುದು. ಅವರ ಪಾಡಿಗೆ ಮಾಡಲು ಬಿಡಿ, ಆದರೆ ಡೌಟು ಬಂದರೆ ಯಾರನ್ನು ಕೇಳಬೇಕು ಅಂತ ಒಬ್ಬರ ಹೆಸರು ಹೇಳಿ. "ಯಾರನ್ನಾದ್ರೂ ಕೇಳಿ" ಅಂದರೆ ಯಾರನ್ನೂ ಕೇಳುವುದಿಲ್ಲ. ಮೊದಲ ದಿನ ಗಂಟೆಗೊಮ್ಮೆ ಹೋಗಿ ನೋಡಿ, ಆಮೇಲೆ ದಿನಕ್ಕೆರಡು ಸಲ, ಆಮೇಲೆ ಮೆಲ್ಲಗೆ ಕಡಿಮೆ ಮಾಡಿ. ಹೊಸಬರಿಗೆ ಹೀಗೆ ಜೊತೆ ಕೊಡುವ ಹಳಬರ ದಿನದ ಕೆಲಸವನ್ನು ಅಷ್ಟು ಕಡಿಮೆ ಮಾಡಿ. ಅದನ್ನು ಮಾಡದೆ "ಇವರಿಗೂ ಸ್ವಲ್ಪ ಹೇಳಿಕೊಡಿ" ಅಂದರೆ ಅವರ ಮೇಲೆ ಎರಡು ಭಾರ, ಸಿಟ್ಟು ಹೊಸಬರ ಮೇಲೆ.

ಒಂದು ಸಲ ಬಂತು ಅಂದರೆ ಸದಾ ನೆನಪಿರುತ್ತದೆ ಅಂತಲೂ ಅಲ್ಲ. ಜರ್ಮನಿಯ ಹರ್ಮನ್ ಎಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗಳ ಪಟ್ಟಿಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆ ಅಂತ ಅಳೆದು 1885ರಲ್ಲಿ ಪ್ರಕಟಿಸಿದ. ಮರೆವು ಮೊದಲ ಕೆಲವು ಗಂಟೆಗಳಲ್ಲೇ ಬಹಳ ಜೋರು, ಆಮೇಲೆ ನಿಧಾನ. ಕೆಲಸಕ್ಕೆ ಅರ್ಥ ಇರುವುದರಿಂದ ಅಷ್ಟು ಬೇಗ ಮರೆಯುವುದಿಲ್ಲ ನಿಜ, ಆದರೂ ಇವತ್ತು ಕಲಿಸಿದ್ದನ್ನು ನಾಳೆ ಒಂದು ಸಲ, ಮೂರು ನಾಲ್ಕು ದಿನ ಬಿಟ್ಟು ಒಂದು ಸಲ, ವಾರ ಬಿಟ್ಟು ಇನ್ನೊಂದು ಸಲ ಮಾಡಿಸಿ. ಎರಡನೇ ಸಲ ಕೇಳಿದವರಿಗೆ "ಮೊನ್ನೆ ತಾನೆ ಹೇಳಿದ್ದೆ ಅಲ್ವಾ" ಅನ್ನಬೇಡಿ. ಆ ಒಂದು ಮಾತು ಸಾಕು, ಮೂರನೇ ಸಲ ಅವರು ಕೇಳುವುದಿಲ್ಲ, ಊಹೆ ಮಾಡಿ ಮಾಡುತ್ತಾರೆ.

ಅಮೆರಿಕದ ಆ ತರಬೇತಿಯಲ್ಲಿ ಕೊಡುತ್ತಿದ್ದ ಜೇಬಿನ ಕಾರ್ಡಿನಲ್ಲಿ ಒಂದು ಸಾಲು ಇತ್ತು: ಕೆಲಸಗಾರ ಕಲಿತಿಲ್ಲ ಅಂದರೆ ಕಲಿಸುವವನು ಕಲಿಸಿಲ್ಲ. ಇದನ್ನು ಓದಿದಾಗ ನನಗೆ ಆ ಹುಡುಗಿಯ ಮುಖ ನೆನಪಾಯಿತು.

ಹೆಜ್ಜೆ 4: ತಪ್ಪಾದ ದಿನ ನೀವು ಏನು ಮಾಡುತ್ತೀರಿ

ಎಷ್ಟು ಚೆನ್ನಾಗಿ ಕಲಿಸಿದರೂ ತಪ್ಪಾಗುತ್ತದೆ. ಆ ಹೊತ್ತಿನಲ್ಲಿ ನೀವು ಏನು ಮಾಡುತ್ತೀರಿ ಅಂತ ಅಲ್ಲಿರುವ ಎಲ್ಲರೂ ನೋಡುತ್ತಿರುತ್ತಾರೆ.

ಏಮಿ ಎಡ್ಮಂಡ್ಸನ್ ಅನ್ನುವ ಸಂಶೋಧಕಿ ಆಸ್ಪತ್ರೆಗಳಲ್ಲಿ ಔಷಧಿ ಕೊಡುವಾಗ ಆಗುವ ತಪ್ಪುಗಳನ್ನು ಅಧ್ಯಯನ ಮಾಡಿದರು. ಒಳ್ಳೆಯ ತಂಡಗಳಲ್ಲಿ ತಪ್ಪು ಕಡಿಮೆ ಇರಬಹುದು ಅಂದುಕೊಂಡಿದ್ದರು. ಆದರೆ ಒಳ್ಳೆಯ ನಾಯಕತ್ವ, ಒಳ್ಳೆಯ ಹೊಂದಾಣಿಕೆ ಇದ್ದ ತಂಡಗಳಲ್ಲೇ ದಾಖಲಾದ ತಪ್ಪು ಜಾಸ್ತಿ ಇತ್ತು. ಆ ತಂಡದವರು ತಪ್ಪನ್ನು ಮುಚ್ಚಿಡದೆ ಹೇಳುತ್ತಿದ್ದರು, ಉಳಿದ ಕಡೆ ಹೆದರಿ ಬಾಯಿ ಮುಚ್ಚಿಕೊಂಡಿದ್ದರು ಅಂತ ಅವರಿಗೆ ಆಮೇಲೆ ಗೊತ್ತಾಯಿತು. 1996ರಲ್ಲಿ ಇದು ಪ್ರಕಟವಾಯಿತು. ನಿಮ್ಮಲ್ಲಿ ತಿಂಗಳಿಡೀ ಒಂದು ತಪ್ಪೂ ನಿಮ್ಮ ಕಿವಿಗೆ ಬಿದ್ದಿಲ್ಲ ಅಂದರೆ ಖುಷಿ ಪಡುವ ಮೊದಲು ಸ್ವಲ್ಪ ಯೋಚಿಸಿ.

ಟೊಯೋಟಾ ಕಾರ್ಖಾನೆಗಳಲ್ಲಿ ಕೆಲಸಗಾರರ ತಲೆಯ ಮೇಲೆ ಒಂದು ಹಗ್ಗ ಇರುತ್ತಿತ್ತು, ಈಗ ಎಷ್ಟೋ ಕಡೆ ಅದು ಗುಂಡಿಯಾಗಿದೆ. ಏನೋ ಸರಿ ಇಲ್ಲ ಅನ್ನಿಸಿದರೆ ಯಾರು ಬೇಕಾದರೂ ಎಳೆಯಬಹುದು. ಎಳೆದ ತಕ್ಷಣ ತಂಡದ ಮುಖ್ಯಸ್ಥರು ಸಹಾಯಕ್ಕೆ ಬರುತ್ತಾರೆ, ಬೇಗ ಸರಿಯಾಗದಿದ್ದರೆ ಕಾರು ಜೋಡಿಸುವ ಲೈನೇ ನಿಲ್ಲುತ್ತದೆ. ನಿಮ್ಮ ಚಿಕ್ಕ ಜಾಗದಲ್ಲಿ ಹಗ್ಗ ಬೇಡ. ಹೇಳಿಕೊಂಡು ಬಂದವರಿಗೆ ನೀವು ಹೇಳುವ ಮೊದಲ ಮಾತು "ಹೇಳಿದ್ದು ಒಳ್ಳೇದಾಯ್ತು" ಅಂತ ಇರಲಿ. ಎಷ್ಟೇ ನಷ್ಟವಾಗಿದ್ದರೂ ಮೊದಲ ಮಾತು ಅದೇ ಇರಲಿ. ಆಮೇಲೆ "ಯಾರು ಮಾಡಿದ್ದು?" ಅನ್ನುವ ಬದಲು "ಏನಾಯ್ತು, ಮೊದಲಿಂದ ಹೇಳಿ" ಅನ್ನಿ. ಆಮೇಲೆ ಆ ಹಾಳೆ ತೆಗೆಯಿರಿ. ಹಂತ ತಪ್ಪಿತಾ, ಎಚ್ಚರದ ಅಂಶ ಬರೆದೇ ಇರಲಿಲ್ಲವಾ, ಅವಸರ ಇತ್ತಾ, ಹತಾರ ಹಾಳಾಗಿತ್ತಾ? ಬಹಳ ಸಲ ಹಾಳೆಯನ್ನೇ ತಿದ್ದಬೇಕಾಗುತ್ತದೆ.

ಬೇಕಂತಲೇ ಸುರಕ್ಷತೆಯ ನಿಯಮ ಮುರಿದವರಿಗೆ, ಜೊತೆಯವರಿಗೆ ಕಿರುಕುಳ ಕೊಟ್ಟವರಿಗೆ ಕಟ್ಟುನಿಟ್ಟಾಗಿಯೇ ಹೇಳಬೇಕು, ಕ್ರಮವನ್ನೂ ತೆಗೆದುಕೊಳ್ಳಬೇಕು. ಆದರೆ ಎದುರು ಕೂರಿಸಿ, ಬಾಗಿಲು ಹಾಕಿ, ಅವರ ಮಾತನ್ನೂ ಕೇಳಿ. ಹತ್ತು ಜನರ ಎದುರು ಮರ್ಯಾದೆ ತೆಗೆದರೆ ಅವರು ಪಾಠ ಕಲಿಯುವುದಿಲ್ಲ, ಉಳಿದ ಒಂಬತ್ತು ಜನ ಮುಚ್ಚಿಡುವುದನ್ನು ಕಲಿಯುತ್ತಾರೆ.

ಹೆಜ್ಜೆ 5: ವಾರಕ್ಕೆ ಕಾಲು ಗಂಟೆ

ಮೊದಲ ಮೂರು ತಿಂಗಳು ವಾರಕ್ಕೊಮ್ಮೆ ಕಾಲು ಗಂಟೆ ಕೂತು ಮಾತಾಡಿ. ಏನು ಸಲೀಸಾಯ್ತು, ಎಲ್ಲಿ ತಡವರಿಸ್ತಿದ್ದೀರಿ, ನನ್ನಿಂದ ಏನಾಗಬೇಕು? ಮೂರೇ ಪ್ರಶ್ನೆ. ಅವರು ಹೇಳಿದ್ದನ್ನು ಬರೆದುಕೊಳ್ಳಿ, ಮುಂದಿನ ವಾರದೊಳಗೆ ಒಂದನ್ನಾದರೂ ಸರಿ ಮಾಡಿ. ಮಾಡಲು ಆಗದಿದ್ದರೆ ಯಾಕೆ ಆಗಲಿಲ್ಲ ಅಂತ ಹೇಳಿ. ಹೊಗಳುವುದಿದ್ದರೆ "ಚೆನ್ನಾಗಿ ಮಾಡ್ತಿದ್ದೀರಿ" ಅನ್ನುವುದಕ್ಕಿಂತ "ನಿನ್ನೆ ಆ ಬಿಲ್ಲಿನ ತಪ್ಪು ನೀವು ಹಿಡಿದಿದ್ದು ಒಳ್ಳೇದಾಯ್ತು" ಅನ್ನಿ.

ಹೆಜ್ಜೆ 6: ಸಂಬಳ ಮತ್ತು ಸಮಯ

ಕಲಿಕೆಯ ಬಗ್ಗೆ ಇಷ್ಟೆಲ್ಲ ಬರೆದೆ ಅಂತ ಸಂಬಳದ ಬದಲು ಕಲಿಕೆ ಕೊಟ್ಟರೆ ಸಾಕು ಅಂತ ತಿಳಿಯಬೇಡಿ. 1913ರಲ್ಲಿ ಫೋರ್ಡ್ ಕಾರ್ಖಾನೆಯಲ್ಲಿ ಸುಮಾರು 14 ಸಾವಿರ ಜನರ ಬಲ ಉಳಿಸಿಕೊಳ್ಳಲು ಆ ಒಂದೇ ವರ್ಷ 50 ಸಾವಿರಕ್ಕೂ ಹೆಚ್ಚು ಜನರನ್ನು ಸೇರಿಸಿಕೊಳ್ಳಬೇಕಾಯಿತು. ಲೈನಿನ ಕೆಲಸ ಅಷ್ಟು ಬೇಸರ ತರುತ್ತಿತ್ತು. 1914ರ ಜನವರಿಯಲ್ಲಿ ದಿನದ ಕೂಲಿಯನ್ನು ಸುಮಾರು ಎರಡು ಪಟ್ಟು ಮಾಡಿ, 9 ಗಂಟೆಯ ಕೆಲಸವನ್ನು 8ಕ್ಕೆ ಇಳಿಸಿದರು. ಬಿಟ್ಟು ಹೋಗುವವರ ಸಂಖ್ಯೆ ಭಾರೀ ಇಳಿಯಿತು. ಆದರೆ ಆ ಪೂರ್ತಿ ಕೂಲಿ ಸಿಗಬೇಕಾದರೆ ಮನೆಯಲ್ಲಿ ಹೇಗೆ ಬದುಕುತ್ತಾರೆ ಅಂತ ಕಂಪನಿಯವರು ಬಂದು ನೋಡಿ ಒಪ್ಪಬೇಕಿತ್ತು. ಅದು ತಪ್ಪು ಅನ್ನುವುದು ನನ್ನ ಖಚಿತ ಅಭಿಪ್ರಾಯ. ಸಂಬಳ ಕೊಟ್ಟು ಕೊಳ್ಳುವುದು ಕೆಲಸದ ಹೊತ್ತನ್ನು ಮಾತ್ರ, ಅವರ ಬದುಕನ್ನು ಅಲ್ಲ.

ಹೇಳಿದ ದಿನ ಸಂಬಳ ಕೊಡಿ. ಏನು ಕೂಡಿದೆ, ಏನು ಕಡಿತ ಆಗಿದೆ ಅಂತ ಚೀಟಿ ಕೊಡಿ. ತಪ್ಪಾದದ್ದಕ್ಕೆಲ್ಲ ಸಂಬಳದಲ್ಲಿ ಹಿಡಿಯುವ ಅಭ್ಯಾಸ ಇದ್ದರೆ ಇವತ್ತೇ ನಿಲ್ಲಿಸಿ, ತಪ್ಪು ಮುಚ್ಚಿಡಲು ಅದಕ್ಕಿಂತ ದೊಡ್ಡ ಕಾರಣ ಬೇಡ. ಕಲಿಯುವ ಹೊತ್ತೂ ಕೆಲಸದ ಹೊತ್ತೇ, ಅದಕ್ಕೂ ಸಂಬಳ ಇದೆ. ಒಂದೇ ತೂಕದ ಕೆಲಸಕ್ಕೆ ಹೆಂಗಸರಿಗೂ ಗಂಡಸರಿಗೂ ಒಂದೇ ಸಂಬಳ ಅನ್ನುವ ಅಂತರರಾಷ್ಟ್ರೀಯ ಒಪ್ಪಂದ ಆಗಿದ್ದು 1951ರಲ್ಲಿ. ಕಾರ್ಖಾನೆಗಳಲ್ಲಿ ದಿನಕ್ಕೆ 8, ವಾರಕ್ಕೆ 48 ಗಂಟೆ ಅನ್ನುವ ಮಿತಿ ಇನ್ನೂ ಹಳೆಯದು, 1919ರದು. ಓಟಿ ಅಪರೂಪಕ್ಕೆ ಇರಲಿ, ಅದಕ್ಕೆ ದುಡ್ಡು ಕೊಡಿ, ಆಗಲ್ಲ ಅಂದವರ ಮೇಲೆ ಮುನಿಸು ಬೇಡ.

ಹೆಜ್ಜೆ 7: ಮುಂದೇನು ಅಂತ ಕಾಣುವಂತೆ ಮಾಡಿ

ಗೋಡೆಯ ಮೇಲೆ ಒಂದು ಪಟ್ಟಿ ಹಾಕಿ. ಒಂದು ಕಡೆ ಹೆಸರುಗಳು, ಮೇಲೆ ಅಡ್ಡಕ್ಕೆ ಕೆಲಸಗಳು. ಯಾರಿಗೆ ಯಾವುದು ಬರುತ್ತದೆ, ಯಾವುದನ್ನು ಯಾವ ತಾರೀಖಿನೊಳಗೆ ಕಲಿಸಬೇಕು ಅಂತ ಗುರುತು ಮಾಡಿ. ಒಂದು ಕೆಲಸ ಒಬ್ಬರಿಗೆ ಮಾತ್ರ ಬರುತ್ತದೆ ಅಂದರೆ ಅವರು ರಜೆ ಹಾಕುವಂತಿಲ್ಲ, ಅದು ಅವರಿಗೂ ಅನ್ಯಾಯ. ಕೆಲಸವೊಂದು ಹೊಸದಾಗಿ ಬಂದಾಗ ಸಂಬಳದಲ್ಲಿ ಎಷ್ಟು ಏರಿಕೆ ಅಂತ ಮೊದಲೇ ಹೇಳಿ, ಪಟ್ಟಿ ಎಲ್ಲರಿಗೂ ಕಾಣಲಿ. ಆಗ ಬಡ್ತಿ ಯಾರಿಗೆ ಯಾಕೆ ಸಿಕ್ಕಿತು ಅನ್ನುವ ಗುಸುಗುಸು ತಾನಾಗಿ ಕಡಿಮೆಯಾಗುತ್ತದೆ.

ಚೆನ್ನಾಗಿ ಕೆಲಸ ಮಾಡುವವರನ್ನು ಹಾಗೇ ಎತ್ತಿ ಸೂಪರ್‌ವೈಸರ್ ಮಾಡಬೇಡಿ. ಮೊದಲು ಬೇಕಾ ಅಂತ ಕೇಳಿ. ಬೇಡ ಅಂದವರಿಗೆ ಕೈಕೆಲಸದಲ್ಲೇ ಮೇಲೇರಲು, ಕಲಿಸುವವರಾಗಲು ದಾರಿ ಇರಲಿ. ಹೂಂ ಅಂದವರಿಗೆ ಮೇಲೆ ಹೇಳಿದ ಕಲಿಸುವ ಕ್ರಮವನ್ನು ಮೊದಲು ಕಲಿಸಿ. ಅವರ ಜೇಬಿನಲ್ಲಿ ನಾಲ್ಕು ಮಾತು ಬರೆದಿಡಲಿ, ಇವೂ ಆ ಯುದ್ಧಕಾಲದ ತರಬೇತಿಯವೇ: ಕೆಲಸ ಹೇಗೆ ಮಾಡುತ್ತಿದ್ದಾರೆ ಅಂತ ಪ್ರತಿಯೊಬ್ಬರಿಗೂ ತಿಳಿಸು, ಒಳ್ಳೆಯದು ಮಾಡಿದಾಗ ಹೇಳು, ಅವರಿಗೆ ತಟ್ಟುವ ಬದಲಾವಣೆ ಇದ್ದರೆ ಮುಂಚೆಯೇ ಹೇಳು, ಒಬ್ಬೊಬ್ಬರಲ್ಲಿ ಇರುವ ಶಕ್ತಿಯನ್ನು ಪೂರ್ತಿ ಬಳಸು.

"ಕಲಿಸಿದ ಮೇಲೆ ಬೇರೆ ಕಡೆ ಹೋದ್ರೆ?" ಹೋಗಬಹುದು. ಆ ಹೆದರಿಕೆಗೆ ಸರ್ಟಿಫಿಕೇಟ್, ಗುರುತಿನ ಚೀಟಿ, ಪಾಸ್‌ಪೋರ್ಟ್ ತೆಗೆದಿಟ್ಟುಕೊಳ್ಳುವವರೂ ಇದ್ದಾರೆ. ಗುರುತಿನ ದಾಖಲೆ ಹಿಡಿದಿಟ್ಟುಕೊಳ್ಳುವುದು, ಸಂಬಳ ತಡೆಹಿಡಿಯುವುದು, ಇವೆರಡನ್ನೂ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಬಲವಂತದ ದುಡಿಮೆಯ ಲಕ್ಷಣಗಳ ಪಟ್ಟಿಯಲ್ಲಿ ಇಟ್ಟಿದೆ. ದಯವಿಟ್ಟು ಆ ದಾರಿಗೆ ಹೋಗಬೇಡಿ. ಹಾಳೆಗಳು ನಿಮ್ಮ ಹತ್ತಿರ ಇದ್ದರೆ, ಕಲಿಸುವುದು ಗೊತ್ತಿರುವ ಇಬ್ಬರು ನಿಮ್ಮಲ್ಲಿದ್ದರೆ, ಒಬ್ಬರು ಹೋದರೂ ಕೆಲಸ ನಿಲ್ಲುವುದಿಲ್ಲ.

ಹೆಜ್ಜೆ 8: ಹೋಗುವವರನ್ನು ಚೆನ್ನಾಗಿ ಕಳಿಸಿ

ಲೆಕ್ಕ ಚುಕ್ತಾ ಮಾಡುವುದನ್ನು ತಡ ಮಾಡಬೇಡಿ, ಕೆಲಸ ಮಾಡಿದ್ದಕ್ಕೆ ಪತ್ರ ಕೊಡಿ. ಆಮೇಲೆ ಕೊನೆಯ ವಾರದಲ್ಲಿ ಒಂದು ಗಂಟೆ ಬಿಡುವು ಮಾಡಿಸಿ, ಅವರು ಮಾಡುತ್ತಿದ್ದ ಕೆಲಸದ ಹಾಳೆಗಳನ್ನು ಅವರ ಮುಂದೆ ಇಟ್ಟು ಒಂದು ಪೆನ್ನು ಕೊಡಿ. ಯಾವ ಹಂತ ಈಗ ಬದಲಾಗಿದೆ, ಎಲ್ಲಿ ಹೊಸಬರು ಎಡವುತ್ತಾರೆ, ಬರೆಯದೇ ಬಿಟ್ಟದ್ದು ಏನು ಅನ್ನುವುದು ಅವರಿಗೆ ಗೊತ್ತಿರುವಷ್ಟು ನಿಮಗೆ ಗೊತ್ತಿರುವುದಿಲ್ಲ. ತಿದ್ದಿದ ಮೇಲೆ ಕೆಳಗೆ ತಾರೀಖು ಹಾಕಿ, ಅವರ ಹೆಸರೂ ಬರೆಯಿರಿ. ಮುಂದಿನ ವಾರ ಬರುವವರಿಗೆ ಆ ಹಾಳೆಯಿಂದಲೇ ಶುರು ಮಾಡಬಹುದು.